ಡಾಬ್ಸೋನಿಯನ್ ಟೆಲಿಸ್ಕೋಪಿನ ಕಾಲಿಮೇಶನ್ ಕಿಟ್: ದುಡ್ಡು ಕೊಡಬೇಕಾದ್ದು ಸ್ಪ್ರಿಂಗಿಗೆ

ಡಾಬ್ಸೋನಿಯನ್ ಟೆಲಿಸ್ಕೋಪಿನಲ್ಲಿ ಟ್ಯೂಬಿನ ತಳದ ದೊಡ್ಡ ಕನ್ನಡಿ ಬೆಳಕನ್ನು ಬಾಯಿಯ ಬಳಿಯ ಸಣ್ಣ ಕನ್ನಡಿಗೆ, ಅದು ಕಣ್ಣಿಟ್ಟು ನೋಡುವ ಐಪೀಸಿಗೆ ಕಳಿಸುತ್ತದೆ; ಈ ಎರಡು ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದೇ ಕಾಲಿಮೇಶನ್. ಆನ್‌ಲೈನಿನಲ್ಲಿ ‘ಕಾಲಿಮೇಶನ್ ಅಪ್‌ಗ್ರೇಡ್ ಕಿಟ್’ ಎಂದು ಮಾರುವ ಪೊಟ್ಟಣದೊಳಗೆ ಇರುವುದು ಇಷ್ಟು: ಸಣ್ಣ ಕನ್ನಡಿಗೆ ಕೈಬೆರಳಿನಲ್ಲೇ ತಿರುಗಿಸುವ ಮೂರು ಎಂ4 (4 ಮಿ.ಮೀ. ದಪ್ಪದ) ಸ್ಕ್ರೂ, ದೊಡ್ಡ ಕನ್ನಡಿಯ ಹಿಂಬದಿಗೆ ಮೂರು ಎಂ6 (6 ಮಿ.ಮೀ.) ನಾಬ್, ಮೂರು ಸ್ಪ್ರಿಂಗ್, ಒಂದಷ್ಟು ನೈಲಾನ್ ವಾಷರ್. ಮಾರುವವರು ಬೇರೆ ಬೇರೆಯಾದರೂ ಸರಕು ಹೆಚ್ಚುಕಡಿಮೆ ಇದೇ. ಇಲ್ಲಿ ಹೇಳುವುದೆಲ್ಲ 8 ಇಂಚಿನ, 1200 ಮಿ.ಮೀ. ಫೋಕಸ್ ದೂರದ, ಅಂದರೆ ಎಫ್/6 (ಫೋಕಸ್ ದೂರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ) ಡಾಬ್ಸೋನಿಯನ್‌ಗೆ ಹಾಕಿ ನೋಡಿದ ಲೆಕ್ಕ. ಕಾಸರಗೋಡಿನ ಕಡೆ ಶಾಲೆಗಳಲ್ಲಿ, ಮನೆಯಂಗಳಗಳಲ್ಲಿ ಸಾಮಾನ್ಯವಾಗಿ ಕೆಲಸಕ್ಕೆ ಬರುವ ಅಳತೆಯೂ ಅದೇ.

ಮೊದಲೇ ಹೇಳಿಬಿಡುತ್ತೇವೆ. ಕಿಟ್ಟಿನ ಜಾಹೀರಾತಿನ ಚಿತ್ರದಲ್ಲಿ ಮಿರಮಿರ ಮಿನುಗುವುದು ಆ ಮೂರು ಸ್ಕ್ರೂಗಳು. ಕಿಟ್ಟಿನ ಬೆಲೆಯನ್ನು ನಿಜಕ್ಕೂ ತೀರಿಸುವುದು ಮೂಲೆಯಲ್ಲಿ ಬಿದ್ದಿರುವ ಮೂರು ಸ್ಪ್ರಿಂಗು. ಮತ್ತೆ ಅತಿ ಹೆಚ್ಚು ಕಿರಿಕಿರಿ ತಪ್ಪಿಸುವ ಒಂದು ಭಾಗ ಕಿಟ್ಟಿನಲ್ಲಿ ಇಲ್ಲವೇ ಇಲ್ಲ. ಅದನ್ನು ಮನೆಯಲ್ಲಿ ಕತ್ತರಿಸಿ ಮಾಡಿಕೊಳ್ಳಬೇಕು.

ಕನ್ನಡಿ ಎಷ್ಟು ಸರಿದರೆ ಕೆಟ್ಟಿತು ಎಂಬುದು ಎಫ್ ಸಂಖ್ಯೆಯ ಮೇಲೆ ನಿಂತಿದೆ. ಪ್ಯಾರಾಬೋಲಾ ಆಕಾರದ ದೊಡ್ಡ ಕನ್ನಡಿ ನಕ್ಷತ್ರವನ್ನು ಚೊಕ್ಕ ಚುಕ್ಕೆಯಾಗಿ ತೋರಿಸುವುದು ತನ್ನ ಅಕ್ಷದ ಸುತ್ತಲಿನ ಪುಟ್ಟದೊಂದು ವೃತ್ತದೊಳಗೆ ಮಾತ್ರ. ಅದರಾಚೆ ಚುಕ್ಕೆಗೆ ಬಾಲ ಬೆಳೆಯುತ್ತದೆ, ಅದಕ್ಕೇ ಕೋಮಾ ಎನ್ನುವುದು. ಆ ವೃತ್ತದ ವ್ಯಾಸ ಎಫ್ ಸಂಖ್ಯೆಯ ಘನಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ: ಎಫ್/8ರಲ್ಲಿ ಸುಮಾರು 11 ಮಿ.ಮೀ., ಎಫ್/6ರಲ್ಲಿ 4.8, ಎಫ್/4.5ಕ್ಕೆ ಬಂದರೆ ಬರೀ 2. ಈಗ ಕನ್ನಡಿಯ ಹಿಂದಿನ ಬೋಲ್ಟುಗಳನ್ನು ನೋಡಿ. ಮೂರೂ ಬೋಲ್ಟು ಕೇಂದ್ರದಿಂದ 85 ಮಿ.ಮೀ. ದೂರದಲ್ಲಿವೆ ಎಂದಿಟ್ಟುಕೊಂಡರೆ, ಒಂದು ಬೋಲ್ಟಿನಿಂದ ಉಳಿದೆರಡನ್ನು ಸೇರಿಸುವ ಗೆರೆಗೆ 127 ಮಿ.ಮೀ. ಎಂ6 ಬೋಲ್ಟಿನ ಒಂದು ಸುತ್ತಿಗೆ ಕನ್ನಡಿಯ ಆ ಬದಿ 1 ಮಿ.ಮೀ. ಏರುತ್ತದೆ. 1200 ಮಿ.ಮೀ. ಆಚೆ, ಐಪೀಸಿನ ಬಳಿ, ಅಕ್ಷ 9.4 ಮಿ.ಮೀ. ಸರಿದಿರುತ್ತದೆ. ಕಾಲು ಸುತ್ತಿಗೆ 2.35 ಮಿ.ಮೀ.; ವೃತ್ತದ ತ್ರಿಜ್ಯ 2.4. ಅಂದರೆ ಕನ್ನಡಿಯ ಒಂದು ಬದಿ ಬರೀ ಕಾಲು ಮಿಲಿಮೀಟರ್ ಕುಸಿದರೂ ಗುರುಗ್ರಹದ ಪಟ್ಟೆಗಳು ಮಸುಕಾಗಲು ಅಷ್ಟು ಸಾಕು.

ಆ ಕಾಲು ಮಿಲಿಮೀಟರ್ ಕುಸಿಯದಂತೆ ಹಿಡಿದಿಡುವುದು ಸ್ಪ್ರಿಂಗಿನ ಕೆಲಸ. ಕಾರ್ಖಾನೆಯಿಂದ ಬಂದ ಸ್ಪ್ರಿಂಗಿನ ತಂತಿ ವರ್ನಿಯರಿಗೆ 1.2 ಮಿ.ಮೀ. ಸಿಕ್ಕಿತು, ಕಿಟ್ಟಿನದು 1.6. ಕಣ್ಣಿಗೆ ಎರಡೂ ಒಂದೇ ಥರ. ಆದರೆ ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ, ಹಾಗಾಗಿ ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಒಂದೇ ಇದ್ದರೂ ಎರಡನೆಯದು ಮೂರು ಪಟ್ಟಿಗೂ ಹೆಚ್ಚು ಗಟ್ಟಿ. 10 ಮಿ.ಮೀ. ಸುರುಳಿ, ಕೆಲಸ ಮಾಡುವ ಆರು ಸುತ್ತು ಇರುವ ಸ್ಟೇನ್‌ಲೆಸ್ ತಂತಿಗೆ ಲೆಕ್ಕ ಹಾಕಿದರೆ, 1.2ರದ್ದು 5 ಮಿ.ಮೀ. ಒತ್ತಿದಾಗ ಒಂದೂವರೆ ಕಿಲೋ ತಳ್ಳುತ್ತದೆ, 1.6ರದ್ದು 4.8 ಕಿಲೋ.

ಕನ್ನಡಿ ಮತ್ತು ಅದು ಕೂತ ತಟ್ಟೆ ಸೇರಿ 3 ಕಿಲೋ ಹತ್ತಿರ. ಹಳೆಯ ಸ್ಪ್ರಿಂಗು ಮೂರೂ ಸೇರಿ ನಾಲ್ಕೂವರೆ ಕಿಲೋ ಹೊರುವಾಗ ಸಾಲದೇನು ಎಂದು ಕೇಳಬಹುದು. ಮೂರೂ ಒಂದೇ ಸಮ ಒತ್ತಿಕೊಂಡಿದ್ದರೆ ಸಾಕು. ಆದರೆ ಹೊಂದಿಸುತ್ತ ಹೊಂದಿಸುತ್ತ ಒಂದು ಬೋಲ್ಟನ್ನೇ ಸಡಿಲಿಸುತ್ತ ಹೋದರೆ ಆ ಸ್ಪ್ರಿಂಗಿನ ಒತ್ತು 2–3 ಮಿ.ಮೀ.ಗೆ ಇಳಿಯುತ್ತದೆ. ಅಲ್ಲಿ ಉಳಿಯುವ ಬಲ 600ರಿಂದ 900 ಗ್ರಾಂ, ಹೊರಬೇಕಾದ ಪಾಲು 1 ಕಿಲೋ. ಟ್ಯೂಬು ನೆಟ್ಟಗೆ ನಿಂತಾಗ ಆ ಬದಿ ಕುಸಿಯುತ್ತದೆ, ಟ್ಯೂಬು ಮಲಗಿದಾಗ ಮತ್ತೆ ಏಳುತ್ತದೆ. ‘ಸಂಜೆ ಸರಿ ಮಾಡಿದ್ದೆ, ರಾತ್ರಿ ಕೆಟ್ಟಿತು’ ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಇರುವುದು ಇದೇ. 1.6ರ ತಂತಿ 2 ಮಿ.ಮೀ. ಒತ್ತಿದರೂ 1.9 ಕಿಲೋ ಕೊಡುತ್ತದೆ, ಅಲುಗುವ ಪ್ರಶ್ನೆಯೇ ಬರುವುದಿಲ್ಲ.

ನಮ್ಮ ಊರಿಗೆ ಇದು ಇನ್ನೂ ಮುಖ್ಯ. ಕಾಸರಗೋಡು ಇರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸ್ವಾತಿ ನಕ್ಷತ್ರ ನೆತ್ತಿಯಿಂದ ಏಳೇ ಡಿಗ್ರಿ ಪಕ್ಕದಲ್ಲಿ ಹಾದುಹೋಗುತ್ತದೆ. ಅತ್ತ ತೆಂಕಣದಲ್ಲಿ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಎಷ್ಟು ಏರಿದರೂ 30 ಡಿಗ್ರಿ, ಅಗಸ್ತ್ಯ ನಕ್ಷತ್ರ 25. ಉತ್ತರದ ದೇಶಗಳವರಿಗೆ ಕಾಣದ ಇವನ್ನು ನೋಡುವುದೇ ಇಲ್ಲಿಯವರ ಭಾಗ್ಯ. ಆದರೆ ಅದಕ್ಕೆ ಒಂದೇ ರಾತ್ರಿಯಲ್ಲಿ ಟ್ಯೂಬು ಕಂಬದಂತೆ ನಿಲ್ಲಬೇಕು, ಮರದ ದಿಮ್ಮಿಯಂತೆ ಮಲಗಲೂಬೇಕು. ಸೋತ ಸ್ಪ್ರಿಂಗು ಇದನ್ನು ತಾಳುವುದಿಲ್ಲ.

ಸ್ಪ್ರಿಂಗ್ ಬದಲಿಸುವ ಕೆಲಸ ಒಂದು ಗಂಟೆಯದು. ಟ್ಯೂಬನ್ನು ಚಾಪೆಯ ಮೇಲೆ ಅಡ್ಡ ಮಲಗಿಸಿ. ಟ್ಯೂಬಿಗೂ ಕನ್ನಡಿಯ ಚೌಕಟ್ಟಿಗೂ ಸೇರಿಸಿ ಒಂದು ತುಂಡು ಟೇಪು ಅಂಟಿಸಿ ನಡುವೆ ಕೊಯ್ಯಿರಿ, ತಿರುಗಿ ಕೂರಿಸುವಾಗ ಅದೇ ಗುರುತು. ಸುತ್ತಲಿನ ಸ್ಕ್ರೂ ತೆಗೆದು ಚೌಕಟ್ಟನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ, ಓರೆಯಾದರೆ ಟ್ಯೂಬಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಹೊಂದಿಸಿದ ಕನ್ನಡಿ ಕದಲದಂತೆ ಹಿಡಿಯುವ ಲಾಕ್ ಬೋಲ್ಟು ಮೂರನ್ನೂ ಪೂರ್ತಿ ಸಡಿಲಿಸಿ. ಆಮೇಲೆ ಹೊಂದಿಸುವ ಬೋಲ್ಟುಗಳಲ್ಲಿ ಒಂದನ್ನು ಬಿಚ್ಚಿ, ಹಳೆಯ ಸ್ಪ್ರಿಂಗ್ ತೆಗೆದು, ಹೊಸದನ್ನಿಟ್ಟು, ಬೋಲ್ಟನ್ನು ಅರ್ಧದಷ್ಟು ತಿರುಗಿಸಿ ನಿಲ್ಲಿಸಿ. ನಂತರ ಎರಡನೆಯದು, ನಂತರ ಮೂರನೆಯದು. ಮೂರನ್ನೂ ಒಟ್ಟಿಗೆ ಬಿಚ್ಚಿದರೆ ಕನ್ನಡಿಯ ತಟ್ಟೆ ಕೈಗೆ ಬರುತ್ತದೆ. ಬೆರಳು ಗಾಜಿಗೆ ತಾಗುವುದು ಆಗಲೇ.

ಕೊಳ್ಳುವ ಮುನ್ನ ಎರಡು ತಟ್ಟೆಗಳ ನಡುವಿನ ಸಂದು ಅಳೆಯಿರಿ. ಬಿಡಿಯಾಗಿ ಇಟ್ಟಾಗ ಸ್ಪ್ರಿಂಗಿನ ಉದ್ದ ಆ ಸಂದಿಗಿಂತ 5–6 ಮಿ.ಮೀ. ಹೆಚ್ಚಿರಬೇಕು. ಸಂದು 20 ಇದ್ದರೆ 25–26ರದ್ದು ಸರಿ. ಒಳವ್ಯಾಸ 6.5ಕ್ಕಿಂತ ಕಡಿಮೆಯಾದರೆ ಎಂ6 ಬೋಲ್ಟಿಗೆ ಉಜ್ಜುತ್ತದೆ. ಕೆಲವು ಕಿಟ್ಟುಗಳಲ್ಲಿ 35 ಮಿ.ಮೀ. ಉದ್ದದ್ದನ್ನು ಹಾಕಿ ‘ಇನ್ನೂ ಗಟ್ಟಿ’ ಎನ್ನುತ್ತಾರೆ. ಅದನ್ನು 20ಕ್ಕೆ ಒತ್ತಿದರೆ ಒಂದೊಂದರ ಮೇಲೂ ಹತ್ತು ಹದಿನೈದು ಕಿಲೋ ಬೀಳುತ್ತದೆ. ನಾಬ್ ಬೆರಳಿಗೆ ಬಗ್ಗುವುದಿಲ್ಲ, ತೆಳು ಅಲ್ಯೂಮಿನಿಯಂ ತಟ್ಟೆಯೇ ಬಾಗುತ್ತದೆ. ಬೈಕಿನ ಕ್ಲಚ್ ಸ್ಪ್ರಿಂಗನ್ನು ಹಾಕುವವರಿದ್ದಾರೆ, ಅದರ ಗತಿಯೂ ಇದೇ.

ಚೌಕಟ್ಟು ಹೊರಗಿರುವಾಗಲೇ ಕನ್ನಡಿಯನ್ನು ಅಂಚಿನಲ್ಲಿ ಹಿಡಿದಿರುವ ಮೂರು ಕ್ಲಿಪ್ಪುಗಳನ್ನೂ ನೋಡಿಬಿಡಿ. ಗಾಜಿಗೂ ಕ್ಲಿಪ್ಪಿನ ರಬ್ಬರಿಗೂ ನಡುವೆ ವಿಸಿಟಿಂಗ್ ಕಾರ್ಡ್ ಸಲೀಸಾಗಿ ಜಾರಬೇಕು. ಒತ್ತಿ ಹಿಡಿದಿದ್ದರೆ ಎಷ್ಟು ಹೊಂದಿಸಿದರೂ ನಕ್ಷತ್ರ ಮೂರು ಮೂಲೆಯಾಗಿಯೇ ಕಾಣುತ್ತದೆ, ಬೈಗುಳ ಕಾಲಿಮೇಶನ್‌ಗೆ ಬೀಳುತ್ತದೆ.

ಇನ್ನು ಮಿನುಗುವ ಆ ಎಂ4 ಸ್ಕ್ರೂಗಳು. ಸಣ್ಣ ಕನ್ನಡಿಯ ಹಿಂದೆ ಕಾರ್ಖಾನೆಯವರು ಕೊಡುವುದು ತಲೆಯಿಲ್ಲದ ಗ್ರಬ್ ಸ್ಕ್ರೂ, ಅದಕ್ಕೆ 2 ಮಿ.ಮೀ. ಅಲೆನ್ ಕೀ. ಕತ್ತಲಲ್ಲಿ ಆ ಕೀ ಕೈಜಾರಿ ಟ್ಯೂಬಿನೊಳಗೆ ಬಿದ್ದರೆ ನೇರ ದೊಡ್ಡ ಕನ್ನಡಿಯ ಮೇಲೆ. ಕೀ ಹಿಡಿಯುವುದೇ ಬೇಡ ಎನ್ನುವ ಕಾರಣಕ್ಕೆ ಕೈಯಲ್ಲೇ ತಿರುಗುವ ಸ್ಕ್ರೂ ಒಳ್ಳೆಯದೇ. ಅಮೆರಿಕದ ಬಾಬ್ಸ್ ನಾಬ್ಸ್ ಹೆಸರಾದದ್ದು ಇಂಥ ಸ್ಕ್ರೂಗಳಿಗೆ. ಆದರೆ ಸುಲಭವಾಗಿ ತಿರುಗಿದ ಮಾತ್ರಕ್ಕೆ ಕನ್ನಡಿ ಹೇಳಿದ ಹಾಗೆ ಕೇಳುವುದಿಲ್ಲ. ಕಾರಣ ಸ್ಕ್ರೂವಿನ ತುದಿಯಲ್ಲಿದೆ.

ಸಣ್ಣ ಕನ್ನಡಿಯ ಅಲ್ಯೂಮಿನಿಯಂ ಹಿಡಿಕೆಯ ತಲೆಯ ಮೇಲೆ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಮೂರು ಸ್ಕ್ರೂಗಳ ತುದಿ ಕೂತಲ್ಲಿ ಸಾಸಿವೆ ಕಾಳು ಕೂರುವಷ್ಟು ಮೂರು ಕುಳಿ. ಟೆಲಿಸ್ಕೋಪು ಹಳೆಯದಾದರೆ ಪಕ್ಕಪಕ್ಕದಲ್ಲಿ ಬಿದ್ದ ಕುಳಿಗಳು ಒಂದಕ್ಕೊಂದು ಕೂಡಿ ಹೊಳೆಯುವ ಒಂದು ಗೀರು. ಉಕ್ಕಿನ ತುದಿ, ಮೆದು ಅಲ್ಯೂಮಿನಿಯಂ; ಬಿಗಿ ಮಾಡಿದಷ್ಟೂ ತುದಿ ಒಳಗೆ ಹೂತುಕೊಳ್ಳುತ್ತದೆ. ಆಮೇಲೆ ನೀವು ಕೂದಲೆಳೆಯಷ್ಟು ಸರಿಸಹೊರಟರೆ ತುದಿ ಕುಳಿಯ ಗೋಡೆ ಹತ್ತುತ್ತದೆ, ಬಿಗಿ ಮಾಡಿದೊಡನೆ ಜಾರಿ ಹಳೆಯ ಕುಳಿಗೇ ಬೀಳುತ್ತದೆ. ಚೆಷೈರ್ ಐಪೀಸಿನಲ್ಲಿ (ಕನ್ನಡಿ ನೇರವಿದೆಯೇ ಎಂದು ನೋಡುವ ಸಣ್ಣ ತೂತಿನ ಸಲಕರಣೆ) ನೋಡುತ್ತಿದ್ದರೆ ಇದು ಕಣ್ಣಿಗೇ ಕಾಣುತ್ತದೆ: ಮೆಲ್ಲ ಮೆಲ್ಲ ಬರುತ್ತಿದ್ದ ಕನ್ನಡಿಯ ಗುರುತು ಗುರಿ ಮುಟ್ಟುವ ಹೊತ್ತಿಗೆ ಟಕ್ಕನೆ ಹಿಂದಕ್ಕೆ ಹಾರುತ್ತದೆ. ಹೊಸ ಸ್ಕ್ರೂ ಹಾಕಿದರೂ ಕುಳಿ ಹಳೆಯದೇ ಅಲ್ಲವೇ.

ಕಿಟ್ಟಿನಲ್ಲಿ ಇಲ್ಲದ ಭಾಗ ಎಂದದ್ದು ಇದಕ್ಕೆ ಮದ್ದು. ಸ್ಕ್ರೂ ತುದಿಗೂ ಅಲ್ಯೂಮಿನಿಯಂ ತಲೆಗೂ ನಡುವೆ ಒಂದು ಅಗಲವಾದ ಸ್ಟೇನ್‌ಲೆಸ್ ವಾಷರ್, ಅದರ ಕೆಳಗೆ ಎರಡು ಪ್ಲಾಸ್ಟಿಕ್ ಬಿಲ್ಲೆ. ಪಾಶ್ಚಾತ್ಯ ದೇಶದವರು ಹಾಲಿನ ಪ್ಲಾಸ್ಟಿಕ್ ಕ್ಯಾನು ಕತ್ತರಿಸಿ ಮಾಡುತ್ತಾರೆ. ನಮ್ಮಲ್ಲಿ ತೆಂಗಿನೆಣ್ಣೆಯ ನೀಲಿ ಬಾಟಲಿ ಅಥವಾ ಎಂಜಿನ್ ಆಯಿಲಿನ ಡಬ್ಬಿ ಸಾಕು. ತಳದಲ್ಲಿ ತ್ರಿಕೋನದೊಳಗೆ 2 ಎಂದಿರಬೇಕು, ಅದು ಎಚ್‌ಡಿಪಿಇ, ಜಾರುವ ಗುಣ ಚೆನ್ನಾಗಿದೆ. ಬಾಟಲಿಯ ಚಪ್ಪಟೆ ಭಾಗವನ್ನೇ ಆರಿಸಿ, ಸೋಪು ಹಾಕಿ ಜಿಡ್ಡು ತೊಳೆದು, ಹಿಡಿಕೆಯ ತಲೆಯಷ್ಟೇ ಅಗಲಕ್ಕೆ ದುಂಡಗೆ ಕತ್ತರಿಸಿ, ನಡುವಿನ ಬೋಲ್ಟು ಹೋಗುವಷ್ಟು ತೂತು ಮಾಡಿ. ಸ್ಟೇನ್‌ಲೆಸ್ ವಾಷರನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಆರಿಸುವಾಗ ಮೂರು ತುದಿಗಳೂ ಅದರ ಲೋಹದ ಮೇಲೆಯೇ ಕೂರುತ್ತವೆಯೋ, ನಡುವಿನ ತೂತಿನ ಅಂಚಿಗೆ ಬರುತ್ತವೆಯೋ ಅಳೆದುಕೊಳ್ಳಿ. ಕಿಟ್ಟಿನ ನೈಲಾನ್ ವಾಷರು ಇದಕ್ಕೆ ಸಾಲದು, ಅಗಲ ಕಡಿಮೆ.

ವಾಷರ್ ಹಾಕಲು ನಡುವಿನ ಬೋಲ್ಟು ಬಿಚ್ಚಲೇಬೇಕು, ಆಗ ಸಣ್ಣ ಕನ್ನಡಿ ಕೈಗೆ ಬರುತ್ತದೆ. ಟ್ಯೂಬು ಅಡ್ಡ ಮಲಗಿರಬೇಕು, ಇಬ್ಬರಿದ್ದರೆ ಒಳ್ಳೆಯದು: ಒಬ್ಬರು ಹಿಡಿಕೆಯನ್ನು ಹಿಡಿಯುವುದು, ಇನ್ನೊಬ್ಬರು ಬೋಲ್ಟು ತಿರುಗಿಸುವುದು. ಕೆಲವು ಮಾದರಿಗಳಲ್ಲಿ ನಡುವಿನ ಬೋಲ್ಟಿಗೂ ಒಂದು ಸ್ಪ್ರಿಂಗ್ ಇರುತ್ತದೆ, ಚಿಮ್ಮೀತು. ಬಿಲ್ಲೆ, ವಾಷರ್ ಸೇರಿದ ಮೇಲೆ ಸಣ್ಣ ಕನ್ನಡಿ 2 ಮಿ.ಮೀ.ನಷ್ಟು ಕೆಳಗೆ ಸರಿದಿರುತ್ತದೆ. ನಡುವಿನ ಬೋಲ್ಟನ್ನೇ ತಿರುಗಿಸಿ ಐಪೀಸ್ ಕೂರುವ ಫೋಕಸರಿನ ತೂತಿನ ನಟ್ಟನಡುವೆ ಮತ್ತೆ ತಂದುಕೊಳ್ಳಿ. ಇಷ್ಟು ಮಾಡಿದ ಮೇಲೆ ಸ್ಕ್ರೂ ತಿರುಗಿಸಿ ನೋಡಿ. ಗುರುತು ಹಾರುವುದಿಲ್ಲ, ಎಳೆದ ಕಡೆಗೆ ಎಳೆದಷ್ಟೇ ಬರುತ್ತದೆ. ಕಾರ್ಖಾನೆಯ ಗ್ರಬ್ ಸ್ಕ್ರೂ ಇಟ್ಟುಕೊಂಡೇ ಈ ಒಂದು ಬಿಲ್ಲೆ ಹಾಕಿದರೂ, ಬಿಲ್ಲೆಯಿಲ್ಲದ ಹೊಸ ಸ್ಕ್ರೂಗಿಂತ ಕೆಲಸ ಸಲೀಸು. ಇದು ನಮ್ಮ ಖಚಿತ ಅಭಿಪ್ರಾಯ.

ಎಂ4 ಸ್ಕ್ರೂ ಹಾಕುವವರು ಎರಡು ಸಂಗತಿ ಗಮನಿಸಿ. ಕೆಲವು ಹಳೆಯ ಟೆಲಿಸ್ಕೋಪುಗಳಲ್ಲಿ ಇಂಚಿನ ಅಳತೆಯ 8-32 ಮರೆ (ಸ್ಕ್ರೂವಿನ ಥ್ರೆಡ್) ಇರುತ್ತದೆ. ಎಂ4ರ ಮರೆಯ ಅಂತರ 0.7 ಮಿ.ಮೀ., 8-32ರದ್ದು 0.79; ಮೊದಲ ಎರಡು ಸುತ್ತು ಹೋದಂತೆ ಮಾಡಿ ಆಮೇಲೆ ಕಚ್ಚಿಕೊಳ್ಳುತ್ತದೆ. ಅಲ್ಲಿಗೇ ನಿಲ್ಲಿಸಿ, ಬಲ ಹಾಕಿದರೆ ಮರೆ ಸವೆದು ಹೋಗುತ್ತದೆ. ಎರಡನೆಯದು ತುದಿ. ನೋಡಿದ ಕಿಟ್ಟಿನಲ್ಲಿ ಮೂರರಲ್ಲಿ ಎರಡರ ತುದಿ ಕತ್ತರಿಸಿದ ಹಾಗೇ ಒರಟಾಗಿತ್ತು. ಸಣ್ಣ ಅರದಿಂದ ಉಜ್ಜಿ, 400 ನಂಬರಿನ ಎಮರಿ ಕಾಗದದಲ್ಲಿ ದುಂಡಗೆ ನಯ ಮಾಡಿಕೊಂಡರೆ ಸಾಕು. ಬದಲಿಸುವಾಗ ಇಲ್ಲೂ ಒಂದೊಂದಾಗಿಯೇ.

ಎಂ6 ನಾಬುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಈಗ ಬರುವ ಬಹಳಷ್ಟು 8 ಇಂಚಿನವುಗಳಲ್ಲಿ ಹಿಡಿಯಲು ಬರುವ ನಾಬ್ ಮೊದಲೇ ಇರುತ್ತದೆ. ಇದ್ದರೆ ಈ ಮೂರು ನಿಮಗೆ ವ್ಯರ್ಥ. ಲಾಕ್ ಬೋಲ್ಟುಗಳನ್ನು ಹೊಸ ಸ್ಪ್ರಿಂಗ್ ಬಂದ ಮೇಲೆ ಮರೆತುಬಿಡಬಹುದು. ಬಿಗಿ ಮಾಡಿದಾಗ ಅವು ತಟ್ಟೆಯನ್ನು ತಳ್ಳಿ, ಆಗಷ್ಟೇ ಹೊಂದಿಸಿದ್ದನ್ನು ಕೆಡಿಸುತ್ತವೆ. ಪೊಸಡಿ ಗುಂಪೆಯಂಥ ಗುಡ್ಡಕ್ಕೆ ಮುರಕಲ್ಲಿನ ದಾರಿಯಲ್ಲಿ ಗಾಡಿಯಲ್ಲಿ ಒಯ್ಯುವಾಗ ಮಾತ್ರ ತಾಗಿಯೂ ತಾಗದ ಹಾಗೆ ಬಿಗಿದು, ಮೇಲೆ ಹೋಗಿ ಸಡಿಲಿಸಿ, ಮತ್ತೊಮ್ಮೆ ಹೊಂದಿಸಿ. ಕಿಟ್ಟಿನ ನೈಲಾನ್ ವಾಷರಿಗೆ ಜಾಗವಿದ್ದರೆ ಅದು ಈ ಬೋಲ್ಟುಗಳ ತುದಿಯಲ್ಲೇ.

ಕಿಟ್ಟಿನ ಜೊತೆ ಲೇಸರ್ ಕಾಲಿಮೇಟರನ್ನೂ (ಫೋಕಸರಿನಲ್ಲಿಟ್ಟು ಕಿರಣ ಬಿಟ್ಟು ಕನ್ನಡಿ ಹೊಂದಿಸುವ ಸಲಕರಣೆ) ಸೇರಿಸಿ ಮಾರುವುದುಂಟು. ಲೇಸರೇ ಓರೆಯಿದ್ದರೆ ಅದು ಕಲಿಸುವುದೆಲ್ಲ ತಪ್ಪು ಪಾಠ. ಹಲಗೆಗೆ ನಾಲ್ಕು ಮೊಳೆ ಹೊಡೆದು ಎರಡು ಕವೆ ಮಾಡಿ, ಲೇಸರನ್ನು ಅದರ ಮೇಲಿಟ್ಟು, ಐದು ಮೀಟರ್ ದೂರದ ಗೋಡೆಗೆ ಬೆಳಕು ಬಿಟ್ಟು ಮೆಲ್ಲಗೆ ಉರುಳಿಸಿ. ಕೆಂಪು ಚುಕ್ಕೆ ನಿಂತಲ್ಲೇ ನಿಂತರೆ ಸರಿ. ಗೋಡೆಯ ಮೇಲೆ ವೃತ್ತ ಬರೆದರೆ ಮೊದಲು ಲೇಸರಿನ ಮೈಮೇಲಿನ ಪುಟ್ಟ ಸ್ಕ್ರೂಗಳನ್ನು ತಿರುಗಿಸಿ ಅದನ್ನೇ ಸರಿಪಡಿಸಬೇಕು. ದೊಡ್ಡ ಕನ್ನಡಿಗಾದರೆ ಲೇಸರಿನ ಮುಂದೆ ಬಾರ್ಲೋ ಲೆನ್ಸ್ ಹಾಕುವ ವಿಧಾನ ಉತ್ತಮ. ಬೆಳಕು ಹರಡಿ, ಕನ್ನಡಿಯ ನಡುವೆ ಅಂಟಿಸಿದ ಉಂಗುರದ ನೆರಳು ವಾಪಸು ಬಂದು ಬೀಳುತ್ತದೆ. ನೆರಳನ್ನು ನಡುವೆ ತಂದರೆ ಮುಗಿಯಿತು, ಲೇಸರ್ ಫೋಕಸರಿನಲ್ಲಿ ತುಸು ಅಲುಗಿದರೂ ಲೆಕ್ಕ ತಪ್ಪುವುದಿಲ್ಲ.

ಕ್ರಮ ಯಾವತ್ತೂ ಒಂದೇ. ಮೊದಲು ಸಣ್ಣ ಕನ್ನಡಿ ಫೋಕಸರಿನಡಿ ದುಂಡಗೆ, ನಡುವೆ ಕಾಣಬೇಕು. ಆಮೇಲೆ ಅದರ ಮೂರು ಸ್ಕ್ರೂಗಳಿಂದ ಲೇಸರ್ ಚುಕ್ಕೆ ದೊಡ್ಡ ಕನ್ನಡಿಯ ಉಂಗುರದೊಳಗೆ ಬೀಳಬೇಕು. ಒಂದನ್ನು ಬಿಗಿ ಮಾಡುವ ಮೊದಲು ಎದುರಿನದನ್ನು ಅಷ್ಟೇ ಸಡಿಲಿಸಬೇಕು. ಕೊನೆಗೆ ದೊಡ್ಡ ಕನ್ನಡಿಯ ನಾಬುಗಳು. ಟ್ಯೂಬು 45 ಡಿಗ್ರಿ ಆಸುಪಾಸಿನಲ್ಲಿರಲಿ. ಸಣ್ಣ ಕನ್ನಡಿಯನ್ನು ಒಮ್ಮೆ ಸರಿಮಾಡಿ ಬಿಲ್ಲೆಯೊಂದಿಗೆ ಬಿಗಿದರೆ ತಿಂಗಳುಗಟ್ಟಲೆ ಮುಟ್ಟುವ ಅಗತ್ಯ ಬೀಳದು, ದಿನಾ ನೋಡಬೇಕಾದ್ದು ದೊಡ್ಡದನ್ನು ಮಾತ್ರ. ಗಟ್ಟಿ ಸ್ಪ್ರಿಂಗ್ ಇದ್ದರೆ ಅದೂ ಎರಡು ನಿಮಿಷದ ಕೆಲಸ.

ನಕ್ಷತ್ರದ ಮೇಲೆ ಪರೀಕ್ಷಿಸುವಾಗ ಇಲ್ಲೊಂದು ತೊಡಕಿದೆ. ಮೋಟಾರಿಲ್ಲದ ಡಾಬ್ಸೋನಿಯನ್‌ಗೆ ಧ್ರುವ ನಕ್ಷತ್ರ ಹಿಡಿಯಿರಿ, ಅದು ಕದಲುವುದಿಲ್ಲ ಎಂದು ಬಹಳಷ್ಟು ಕೈಪಿಡಿಗಳು ಹೇಳುತ್ತವೆ. ಕಾಸರಗೋಡಿನಲ್ಲಿ ಧ್ರುವ ದಿಗಂತದಿಂದ ಬರೀ 12–13 ಡಿಗ್ರಿ ಎತ್ತರ. ಅಷ್ಟು ಕೆಳಗಿನ ದಪ್ಪ ಗಾಳಿಯಲ್ಲಿ 200 ಪಟ್ಟು ದೊಡ್ಡದು ಮಾಡಿದರೆ, ಫೋಕಸ್ ತಪ್ಪಿಸಿದಾಗ ನಕ್ಷತ್ರದ ಸುತ್ತ ಕಾಣುವ ಉಂಗುರಗಳು ಕೊಳದ ನೀರಿನ ಹಾಗೆ ಕುದಿಯುತ್ತವೆ. 50–60 ಡಿಗ್ರಿ ಎತ್ತರದ, ತೀರಾ ಪ್ರಖರವಲ್ಲದ ನಕ್ಷತ್ರ ಆರಿಸಿಕೊಳ್ಳಿ. ಅದು ಒಂದು ನಿಮಿಷದೊಳಗೆ ನೋಟದಿಂದ ಜಾರಿಹೋಗುತ್ತದೆ, ಆದ್ದರಿಂದ ಒಬ್ಬರು ಐಪೀಸಿನ ಬಳಿ, ಇನ್ನೊಬ್ಬರು ನಾಬಿನ ಬಳಿ. ಫೋಕಸ್ ತುಸು ತಪ್ಪಿಸಿದಾಗ ಉಂಗುರಗಳು ಯಾವ ಬದಿಗೆ ಒತ್ತಿಕೊಂಡಿವೆ ನೋಡಿ, ನಾಬನ್ನು ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸದೆ, ನಕ್ಷತ್ರವನ್ನು ಮತ್ತೆ ನಡುವೆ ತಂದು ನೋಡಿ. ನಡುವೆ ತರದೆ ತೀರ್ಪು ಕೊಟ್ಟರೆ ಸರಿಯಿದ್ದದ್ದನ್ನೂ ಕೆಡಿಸುತ್ತೀರಿ.

ಕರಾವಳಿಯ ತೇವ, ಉಪ್ಪುಗಾಳಿಗೆ ಕಿಟ್ಟಿನ ಲೋಹ ತಾಳೀತೇ ಎಂಬುದು ನ್ಯಾಯವಾದ ಪ್ರಶ್ನೆ. ಸ್ಕ್ರೂಗಳಿಗೆ ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಒಂದೇ ಮಳೆಗಾಲಕ್ಕೆ ಮರೆಯ ಸಂದಿನಲ್ಲಿ ತುಕ್ಕು. ಸ್ಪ್ರಿಂಗಿಗೆ ಈ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ, ಎಳೆದು ಗಟ್ಟಿ ಮಾಡಿದ ಸ್ಟೇನ್‌ಲೆಸ್ ತಂತಿಯೂ ತುಸು ಅಂಟುತ್ತದೆ. ಮರೆಗೆ ಗ್ರೀಸನ್ನು ಕಡ್ಡಿಯ ತುದಿಯಷ್ಟೇ ಹಚ್ಚಿ. ತೆಂಗಿನೆಣ್ಣೆ ಬೇಡವೇ ಬೇಡ: 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಚಳಿಗಾಲದ ರಾತ್ರಿ ನಾಬ್ ಬಿಗಿಯುತ್ತದೆ, ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಹೇಗೂ ಆಕಾಶವಿಲ್ಲ. ಮಳೆ ನಿಂತ ಮೇಲೆ ಚೌಕಟ್ಟು ಹೊರತೆಗೆದು ಸ್ಪ್ರಿಂಗಿನ ಸುತ್ತುಗಳ ನಡುವೆ ಒಮ್ಮೆ ಕಣ್ಣಾಡಿಸುವುದು ರೂಢಿಯಾಗಲಿ.

ಕಿಟ್ಟೇ ಬೇಕೆಂದಿಲ್ಲ. ಬದಿಯಡ್ಕ, ಪೆರ್ಲ ಕಡೆ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುವ ಸ್ಪ್ರೇ ಮೆಶಿನ್ ರಿಪೇರಿ ಮಾಡುವವರಲ್ಲಿ ಬಗೆಬಗೆಯ ಸ್ಪ್ರಿಂಗ್ ಇರುತ್ತದೆ. ವರ್ನಿಯರ್ ಒಯ್ದು 1.6 ತಂತಿ, ಸುಮಾರು 11.5 ಹೊರವ್ಯಾಸ, 25 ಉದ್ದ ಎಂದು ಅಳೆದು ತಂದರೆ ಕಿಟ್ಟಿನದಕ್ಕೆ ಸಮ. ಅಲ್ಲಿ ಸಿಗದಿದ್ದರೆ ಮಂಗಳೂರಿನ ಹಾರ್ಡ್‌ವೇರ್ ಅಂಗಡಿಗಳು. ಕೈಯಲ್ಲಿ ತಿರುಗಿಸುವ ಸ್ಕ್ರೂವನ್ನು ಲೇತ್ ಇರುವವರು ಮಾಡಿಕೊಡುತ್ತಾರೆ. ಉದ್ದಕ್ಕೆ ಹಳೆಯ ಗ್ರಬ್ ಸ್ಕ್ರೂವನ್ನೇ ಮಾದರಿಯಾಗಿ ಕೊಡಿ, ತಲೆಯ ಭಾಗ ಸಣ್ಣ ಕನ್ನಡಿಯ ನೆರಳಿನಾಚೆ ಚಾಚದಂತೆ ಹೇಳಿ. ಚಾಚಿದರೆ ಬೆಳಕಿಗೂ ಅಡ್ಡ, ಟ್ಯೂಬಿನ ಮುಚ್ಚಳಕ್ಕೂ ಅಡ್ಡ.

ಸ್ಪ್ರಿಂಗಿನಿಂದ ದೊಡ್ಡ ಕನ್ನಡಿ 3–4 ಮಿ.ಮೀ. ಮುಂದೆ ಬಂದರೆ ಫೋಕಸ್ ಬಿಂದುವೂ ಅಷ್ಟೇ ಹೊರಗೆ ಬರುತ್ತದೆ. ಐಪೀಸಿನಲ್ಲಿ ನೋಡುವವರಿಗೆ ಇದು ಗೊತ್ತೂ ಆಗದು, ಕ್ಯಾಮೆರಾ ಹಾಕುವವರಿಗೆ ಅನುಕೂಲವೇ. 4.5 ಇಂಚಿನ ಎಫ್/8 ಟೆಲಿಸ್ಕೋಪು ಇರುವವರು ಈ ಕಿಟ್ಟಿಗೆ ದುಡ್ಡು ಹಾಕಬೇಡಿ, 11 ಮಿ.ಮೀ. ವೃತ್ತದೊಳಗೆ ಕಾರ್ಖಾನೆಯ ಸ್ಪ್ರಿಂಗೇ ಬೇಕಾದಷ್ಟಾಯಿತು, ನೀಲಿ ಬಾಟಲಿಯ ಬಿಲ್ಲೆ ಮಾತ್ರ ಹಾಕಿಕೊಳ್ಳಿ. ದೊಡ್ಡ ಕನ್ನಡಿಯನ್ನು ಅಲುಗದಂತೆ ಕೂರಿಸಿಯೇ ಕಳಿಸುವ ಪುಟ್ಟ ಟೆಲಿಸ್ಕೋಪುಗಳೂ ಇವೆ. ಆರ್ಡರ್ ಮಾಡುವ ಮೊದಲು ಟ್ಯೂಬಿನ ಹಿಂದಿನ ಮುಚ್ಚಳ ತೆಗೆದು ಅಲ್ಲಿ ಮೂರು ಜೋಡಿ ಬೋಲ್ಟು ಇದೆಯೇ ಎಂದು ನೋಡಿ.